ಹಂಡೆಯಲ್ಲಿ ಇಲ್ಲದ ಬಣ್ಣ

ಜಗಳ ಶುರುವಾಗಿದ್ದು ಬೆಳಗಿನ ಗಂಜಿಯ ಹೊತ್ತಿಗೆ. ಅತ್ತೆ ಬಟ್ಟಲಿಗೆ ಕೈ ಚಾಚಿದರು, ಸೊಸೆಯ ಕಣ್ಣು ಆ ಕೈಯ ಮೇಲೆ ಬಿತ್ತು, ಅಷ್ಟೇ. ಬೆರಳ ತುದಿ, ಗೆಣ್ಣು, ಉಗುರಿನ ಸುತ್ತ, ಎಲ್ಲಾ ಕಪ್ಪು.

"ಅತ್ತೆ, ಶೆಡ್ಡಿಗೆ ಹೋಗಿದ್ರಾ?"

ಅತ್ತೆ ಕೈಯನ್ನು ಸರಕ್ಕನೆ ಶಾಲಿನೊಳಗೆ ಎಳೆದುಕೊಂಡರು. ಒಂದು ಗಳಿಗೆ ಸೊಸೆಯ ಮುಖವನ್ನೇ ನೋಡಿದರು.

"ಹೂಂ, ಹೋಗಿದ್ದೆ. ಏನೀಗ?"

ಏನೀಗ ಅಂತೆ! ಸೊಸೆಗೆ ಮೈಯೆಲ್ಲಾ ಉರಿದುಹೋಯಿತು. ಆ ಶೆಡ್ಡಿಗೆ ಬೀಗ ಜಡಿಸಿದ್ದೇ ಈ ಅತ್ತೆಗೋಸ್ಕರ. ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ, ಹಿತ್ತಲಿನ ಶೆಡ್ಡಿನಲ್ಲಿ ಬಣ್ಣ ಕುದಿಸುವ ಎರಡು ದೊಡ್ಡ ಹಂಡೆ. ಮಾಸಿದ ಪ್ಯಾಂಟು, ಬಿಸಿಲಿಗೆ ಬಣ್ಣಗೆಟ್ಟ ಪರದೆ, ಕಲೆಯಾದ ಕೋಟು, ಏನು ತಂದುಕೊಟ್ಟರೂ ಹೊಸ ಬಣ್ಣ ಕೊಟ್ಟು ಕಳಿಸುವ ಮನೆ ಅದು. ಈ ಕಸುಬಿಗೆ ಯಜಮಾನಿ ಅತ್ತೆ. ಬೀದಿಯವರೆಲ್ಲಾ ಬಣ್ಣದಮ್ಮ ಅಂತಲೇ ಕರೆಯುತ್ತಿದ್ದರು. ಕೈಗವಸು ಅಂದರೆ ಆಗುತ್ತಿರಲಿಲ್ಲ ಆ ಬಣ್ಣದಮ್ಮನಿಗೆ. "ಬಟ್ಟೆ ಕೈಗೆ ಸಿಗಬೇಕು ಕಣೇ, ರಬ್ಬರಿಗಲ್ಲ" ಅನ್ನುತ್ತಿದ್ದರು. ಹಾಗಾಗಿ ಅವರ ಕೈ ಒಂದು ದಿನ ನೀಲಿ, ಒಂದು ದಿನ ಹಸಿರು, ಇನ್ನೊಂದು ದಿನ ಕಾಫಿ ಬಣ್ಣ. ಅವರ ಚರ್ಮದ ನಿಜವಾದ ಬಣ್ಣ ಯಾವುದು ಅಂತ ಮನೆಯವರೇ ಮರೆತುಬಿಟ್ಟಿದ್ದರು.

ಆಮೇಲೆ ಕೆಮ್ಮು ಬಂತು. ಹಂಡೆಯ ಹಬೆಗೆ ಅಂದುಕೊಂಡರು, ಹೊಗೆಗೆ ಅಂದುಕೊಂಡರು, ಧೂಳಿಗೆ ಅಂದುಕೊಂಡರು. ಕೆಮ್ಮಿದ ಕರವಸ್ತ್ರದಲ್ಲಿ ರಕ್ತ ಕಂಡ ಮೇಲೆ ಆಸ್ಪತ್ರೆಗೆ ಓಡಿದರು. ಶ್ವಾಸಕೋಶದ ಕ್ಯಾನ್ಸರ್. ಮೂರು ಮೂರು ವಾರಕ್ಕೊಮ್ಮೆ ನರಕ್ಕೆ ಔಷಧಿ ಹಾಕಬೇಕು ಅಂದ ಡಾಕ್ಟರು, ಸೊಸೆಯನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಆ ಹಬೆ, ಆ ಪುಡಿ, ಅದರ ಗಾಳಿ ಕೂಡ ಇವರಿಗೆ ತಾಗಬಾರದು. ನಿಮ್ಮ ಜವಾಬ್ದಾರಿ." ಅವತ್ತೇ ಶೆಡ್ಡಿಗೆ ಬೀಗ ಬಿತ್ತು. ಒಂದು ಕೀ ಸೊಸೆಯ ಏಪ್ರನ್ನಿನ ಜೇಬಲ್ಲಿ, ಇನ್ನೊಂದು ಗಂಡನ ಗಲ್ಲಾಪೆಟ್ಟಿಗೆಯಲ್ಲಿ. ಹಂಡೆ ಈಗ ಸೊಸೆಯದು.

ಇಷ್ಟೆಲ್ಲಾ ಮಾಡಿದ ಮೇಲೂ ಕೈ ಕಪ್ಪು!

"ಕೀ ಕೊಟ್ಟವರು ಯಾರು?" ಸೊಸೆ ಗಂಡನ ಕಡೆ ತಿರುಗಿದಳು.

"ನನ್ನ ಯಾಕೆ ನೋಡ್ತೀಯ? ನಿನ್ನ ಜೇಬೇ ತೂತಿರಬೇಕು."

"ನನ್ನ ಜೇಬಿನ ಸುದ್ದಿಗೆ ಬರಬೇಡಿ. ಗಲ್ಲಾಪೆಟ್ಟಿಗೆ ಬಾಯಿ ತೆರೆದುಕೊಂಡೇ ಬಿದ್ದಿರುತ್ತೆ."

"ನಾನಂತೂ ಅಲ್ಲಪ್ಪ" ಅಂದಳು ಮಗಳು ಚೂಟಿ, ಹೈಸ್ಕೂಲಿನವಳು, ಬಾಯಲ್ಲಿ ಬ್ರೆಡ್ಡು ತುಂಬಿಕೊಂಡು. "ಅಜ್ಜಿ ಕೇಳಿದ್ರೆ ಕೊಡ್ತಿದ್ದೆ. ಆದ್ರೆ ನನ್ನ ಕೇಳೇ ಇಲ್ಲ."

"ನೋಡು, ನೋಡು ನಿನ್ನ ಮಗಳ ಬುದ್ಧಿ!"

"ನನ್ನ ಮಗಳು ಅಂದ್ರೆ? ನಿಮ್ಮ ಮಗಳಲ್ವಾ?"

ಆಗ ಮೂಲೆಯಿಂದ ಮಾವನ ದನಿ ಕೇಳಿಸಿತು. ಜೀವನವಿಡೀ ಬಸ್ಸು ಓಡಿಸಿ ನಿವೃತ್ತರಾದವರು. ಬಸ್ಸು ಓಡುವ ದಾರಿಯ ವಿಷಯ ಬಿಟ್ಟರೆ ಬೇರೆ ಮಾತೇ ಆಡುತ್ತಿರಲಿಲ್ಲ. ಬಟ್ಟಲಿನಿಂದ ತಲೆ ಎತ್ತದೆ ಅಂದರು:

"ನಾನೇ ಕೊಟ್ಟೆ."

ಎಲ್ಲರೂ ಅವರನ್ನೇ ನೋಡಿದರು. ಅತ್ತೆಯೂ.

"ಮಾವ! ನೀವಾ?"

"ಕೊಟ್ಟೆ ಅಂದೆನಲ್ಲ. ಗಂಜಿ ಆರಿಹೋಗ್ತಾ ಇದೆ, ಕುಡೀರಿ."

ಮಾವನಿಗೆ ಬೈಯುವ ಧೈರ್ಯ ಯಾರಿಗಿತ್ತು? ಗಂಡ ಸದ್ದಿಲ್ಲದೆ ಹೋಗಿ ಹೊಸ ಬೀಗ ತಂದ.

ಸೊಸೆಯ ಸಿಟ್ಟು ಅಷ್ಟಕ್ಕೇ ಇಳಿಯಲಿಲ್ಲ. ಮುಂದಿನ ಔಷಧಿಗೆ ಇನ್ನು ಹೆಚ್ಚು ದಿನವಿಲ್ಲ, ಈ ಕೈ ಡಾಕ್ಟರ ಕಣ್ಣಿಗೆ ಬಿದ್ದರೆ ಮಾನ ಹೋಗುವುದು ಯಾರದ್ದು? ಮಧ್ಯಾಹ್ನ ಪಾತ್ರೆ ತೊಳೆದವಳೇ ಅತ್ತೆಯನ್ನು ಬಚ್ಚಲ ಮುಂದಿನ ಸ್ಟೂಲಿನ ಮೇಲೆ ಕೂರಿಸಿದಳು. ಮಗ್ಗಿನಲ್ಲಿ ಬ್ಲೀಚಿಂಗ್ ಪುಡಿ ಕಲಸಿದಳು. ಬಣ್ಣದವರ ಮನೆಯಲ್ಲಿ ಕೈಯ ಬಣ್ಣ ತೆಗೆಯುವುದೇ ಹಾಗೆ. ಅವಳಿಗೆ ಅದನ್ನು ಕಲಿಸಿದವರೂ ಅತ್ತೆಯೇ.

"ಕೊಡಿ ಕೈ."

"ಬಿಡೇ, ತಾನೇ ಹೋಗುತ್ತೆ."

"ತಾನೇ ಹೋಗೋ ಬಣ್ಣ ನೀವು ಯಾವತ್ತು ಹಾಕಿದ್ದೀರಿ? ಕೊಡಿ ಅಂದ್ರೆ."

ಅತ್ತೆ ಕೈ ಕೊಟ್ಟರು. ಸೊಸೆ ಉಜ್ಜಿದಳು. ನೀರು ಕಪ್ಪಾಗಲಿಲ್ಲ. ಇನ್ನಷ್ಟು ಪುಡಿ ಹಾಕಿ ಬ್ರಷ್ ತಗೊಂಡು ಉಜ್ಜಿದಳು. ಅತ್ತೆ ಎದುರಿನ ಗೋಡೆ ನೋಡುತ್ತಾ ಕೂತಿದ್ದರು.

"ಅದೇನು ಬೆರೆಸಿದ್ರೋ ಕಾಣೆ, ಹಟ ಹಿಡಿದು ಕೂತಿದೆ, ನಿಮ್ಮ ಹಾಗೇ" ಅಂದಳು ಸೊಸೆ. ಅತ್ತೆ ನಗಲಿಲ್ಲ. ಮಾತಿಗೆ ಮಾತು ಕೊಡದೆ ಇರುವ ಹೆಂಗಸೇ ಅಲ್ಲ ಅವರು. ಸೊಸೆಗೆ ಅದು ಆಗ ಹೊಳೆಯಲಿಲ್ಲ ನೋಡಿ. ಮಾರನೆಯ ದಿನವೂ ಉಜ್ಜಿದಳು, ಅದರ ಮಾರನೆಯ ದಿನವೂ.

ಹೊಸ ಬೀಗ ಬಿದ್ದು ವಾರವಾದರೂ ಕಪ್ಪು ಇಳಿಯುವ ಬದಲು ಮಣಿಕಟ್ಟಿಗೆ ಏರಿತು. ಚೂಟಿ ಟೇಪು ಹಿಡಿದು ಶೆಡ್ಡಿನ ಕಿಟಕಿಯನ್ನು ಅಳೆದುಬಂದು, "ಅಜ್ಜಿ ಇದರಲ್ಲಿ ತೂರೋಕೆ ಸಾಧ್ಯವೇ ಇಲ್ಲ. ಅರ್ಧ ಅಜ್ಜಿ ಬೇಕಾದ್ರೆ ತೂರಬಹುದು" ಅಂತ ವರದಿ ಕೊಟ್ಟಳು. ಗಂಡ ಕೀಯನ್ನು ದಾರಕ್ಕೆ ಕಟ್ಟಿ ಕತ್ತಿಗೆ ನೇತುಹಾಕಿಕೊಂಡ. ಸೊಸೆ ಶೆಡ್ಡಿನ ಒಲೆ ಹಚ್ಚುವಾಗಲೆಲ್ಲಾ ಅವನ ಕತ್ತಿಗೆ ಕೈ ಹಾಕಬೇಕಾಗಿ ಬಂದು, ಅಂಗಡಿಗೆ ಬಂದ ಗಿರಾಕಿಗಳು ಮುಸಿಮುಸಿ ನಗುವಂತಾಯಿತು.

ಇನ್ನೇನು ಆಸ್ಪತ್ರೆಗೆ ಹೊರಡುವ ದಿನ ಬಂತು ಅನ್ನುವಾಗ, ಊಟದ ನಡುವೆ ಅತ್ತೆ ತಟ್ಟೆ ಸರಿಸಿದರು.

"ನಾನು ಈ ಸಲ ಬರಲ್ಲ."

"ಎಲ್ಲಿಗೆ?" ಅಂದ ಮಗ.

"ಆಸ್ಪತ್ರೆಗೆ. ಎರಡು ಸಲ ಹಾಕಿಸ್ಕೊಂಡೆ, ಸಾಕು."

"ಏನಮ್ಮಾ ಹೇಳ್ತಿದ್ದೀಯ? ಇನ್ನೂ ನಾಲ್ಕು ಸಲ ಇದೆ!"

"ಇರಲಿ. ಬಾಯಿಗೆ ರುಚಿ ಇಲ್ಲ, ಹೊಟ್ಟೆಯಲ್ಲಿ ಏನೂ ನಿಲ್ಲಲ್ಲ. ಇದ್ದಷ್ಟು ದಿನ ಮನೆಯಲ್ಲಿ ಇದ್ದುಬಿಡ್ತೀನಿ."

"ಇದ್ದಷ್ಟು ದಿನ ಅಂದ್ರೇನು? ಇದೇನು ಬಸ್ ಸ್ಟ್ಯಾಂಡಾ? ಅಪ್ಪಾ, ನೀವಾದ್ರೂ ಹೇಳಿ!"

ಮಾವ ಅನ್ನ ಕಲಸುತ್ತಲೇ ಇದ್ದರು, ತುತ್ತು ಮಾತ್ರ ಬಾಯಿಗೆ ಹೋಗಲಿಲ್ಲ. "ಅವಳ ಇಷ್ಟ" ಅಂದರು.

"ಅವಳ ಇಷ್ಟವಂತೆ! ಕೀ ಕೊಡೋದೂ ನೀವೇ, ಹೀಗನ್ನೋದೂ ನೀವೇ!" ಮಗ ಕೈ ತೊಳೆಯದೆ ಎದ್ದುಹೋದ. ಚೂಟಿಯ ಕಣ್ಣಲ್ಲಿ ನೀರು ತುಂಬಿತು. ಸೊಸೆ ಯಾರ ತಟ್ಟೆಯನ್ನೂ ಎತ್ತದೆ ಕೂತಳು. ಬಾಯಿ ಮಾಡುವ ಅತ್ತೆಯ ಜೊತೆ ಏಗಿ ಗೊತ್ತಿತ್ತು ಅವಳಿಗೆ, ಹೀಗೆ ಮೆತ್ತಗೆ ಮಾತಾಡುವ ಅತ್ತೆ ಹೊಸಬರು. ಅವರಿಲ್ಲದ ಈ ಮನೆಯನ್ನು ಮೊದಲ ಸಲ ನೆನೆಸಿಕೊಂಡಳು.

ಮಾರನೆಯ ಬೆಳಿಗ್ಗೆ ಶೆಡ್ಡಿನಲ್ಲಿ ಕೆಲಸ ಜೋರಾಗಿತ್ತು. ಒಂದು ವಾದ್ಯಮೇಳದವರು ತಮ್ಮ ಹಳೆಯ ಕೋಟುಗಳನ್ನೆಲ್ಲಾ ಕೆಂಪು ಮಾಡಿಸಲು ಕೊಟ್ಟು ಹೋಗಿದ್ದರು. ಎರಡೂ ಹಂಡೆಯಲ್ಲಿ ಕೆಂಪು. ಕೈಗವಸು ದಾಟಿ ಸೊಸೆಯ ಮೊಣಕೈವರೆಗೆ ಕೆಂಪು, ಮೋರಿಯಲ್ಲಿ ಕೆಂಪು, ಒರೆಸುವ ಬಟ್ಟೆ ಕೆಂಪು. ಗಂಡ ಆಕಳಿಸಿದರೆ ಹಲ್ಲೂ ಕೆಂಪಗಿರಬಹುದು ಅನ್ನುವಷ್ಟು. ಉದ್ದ ಕೋಲಿನಿಂದ ಕೋಟು ತಿರುವುತ್ತಿದ್ದವಳು ಹಾಗೇ ನಿಂತುಬಿಟ್ಟಳು.

ಕೆಂಪು. ಅದಕ್ಕೆ ಮುಂಚೆ ಪರದೆಗಳ ಹಳದಿ. ಅದಕ್ಕೂ ಮುಂಚೆ ನೀಲಿ. ಈ ಶೆಡ್ಡಿನಲ್ಲಿ ಕಪ್ಪು ಕುದಿದು ಎಷ್ಟು ದಿನವಾಯಿತು? ಕಪ್ಪು ಪುಡಿ ಮುಗಿದು, ತರಬೇಕು ತರಬೇಕು ಅಂತ ಅವಳೇ ಗಂಡನಿಗೆ ದಿನಾ ಹೇಳುತ್ತಿದ್ದಳಲ್ಲ! ಇಲ್ಲದ ಕಪ್ಪನ್ನು ಅತ್ತೆ ಎಲ್ಲಿಂದ ಹಚ್ಚಿಕೊಂಡರು?

ಕೋಲು ಕೈಯಿಂದ ಜಾರಿತು. ಉರಿ ಆರಿಸಿದವಳೇ ಒಳಗೆ ಓಡಿದಳು.

ಅತ್ತೆ ಮಂಚದ ಮೇಲೆ ಕೂತು ಅವರೆಕಾಯಿ ಬಿಡಿಸಲು ನೋಡುತ್ತಿದ್ದರು. ನೋಡುತ್ತಿದ್ದರು ಅಷ್ಟೇ, ಬೆರಳು ಮಡಚಲು ಬರುತ್ತಿರಲಿಲ್ಲ. ಸೊಸೆ ಮೊರವನ್ನು ಪಕ್ಕಕ್ಕಿಟ್ಟು ಆ ಕೈಗಳನ್ನು ಬೆಳಕಿಗೆ ಹಿಡಿದಳು. ಕಪ್ಪಿನ ನಡುವೆ ಚರ್ಮ ಸುಲಿದಿತ್ತು. ಗೆಣ್ಣುಗಳ ಮೇಲೆ ಬಿರುಕು, ಬಿರುಕಿನೊಳಗೆ ಹಸಿ ಮಾಂಸ. ಅದು ರೋಗ ಮಾಡಿದ್ದಲ್ಲ, ಬ್ಲೀಚಿಂಗ್ ಪುಡಿ ಮಾಡಿದ್ದು. ತಾನು ಮಾಡಿದ್ದು.

"ಅತ್ತೆ, ಇದು ಬಣ್ಣ ಅಲ್ಲ."

ಅತ್ತೆ ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದರು, ಸೊಸೆ ಬಿಡಲಿಲ್ಲ.

"ನೀವು ಶೆಡ್ಡಿಗೆ ಹೋಗೇ ಇಲ್ಲ."

"ಇಲ್ಲ."

"ಮತ್ತೆ ಹೋಗಿದ್ದೆ ಅಂದ್ರಲ್ಲ!"

"ನೀನೇ ಕೇಳಿದೆ, ನಾನು ಹೂಂ ಅಂದೆ." ಅತ್ತೆ ಕಾಲಿನ ಮೇಲಿನ ಹೊದಿಕೆ ಸರಿಸಿದರು. ಅಂಗಾಲಿನಲ್ಲಿ ಅದೇ ಕಪ್ಪು, ಚುಕ್ಕೆ ಚುಕ್ಕೆಯಾಗಿ. ತೋಳು ತೋರಿಸಿದರು. ಸೂಜಿ ಚುಚ್ಚಿದ ಜಾಗದಿಂದ ನರದ ಗುಂಟ ಒಂದು ಕಪ್ಪು ಗೆರೆ ಮೇಲೆ ಹತ್ತಿತ್ತು. ಆಮೇಲೆ ಚಿಕ್ಕ ಹುಡುಗಿಯ ಹಾಗೆ ನಾಲಿಗೆ ಚಾಚಿದರು. ಅದರ ಮೇಲೂ ಕಲೆ.

"ರೋಗ ಒಳಗೆ ಜಾಗ ಸಾಲದೆ ಹೊರಗೆ ಬಂತು ಕಣೇ. ಇನ್ನು ಔಷಧಿ ಹಾಕಿಸಿ ಏನು ಪ್ರಯೋಜನ? ನಿನ್ನ ಗಂಡನ ಕರುಳು ನಿನಗೆ ಗೊತ್ತಲ್ಲ, ತಡ್ಕೊಳ್ಳಲ್ಲ ಅವನು. ಶೆಡ್ಡಿಗೆ ಹೋದೆ ಅಂದ್ರೆ ಎಲ್ಲರೂ ಬೈತೀರಿ. ಬೈಯೋರ ಮುಖ ನೋಡಬಹುದು. ಅಳೋರ ಮುಖ ನೋಡೋಕೆ ನನ್ನ ಕೈಲಾಗಲ್ಲ."

"ಮತ್ತೆ ನಾನು ಉಜ್ಜಿದಾಗ? ಉರೀತಿರಲಿಲ್ವಾ? ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತಾ?"

"ಉರೀತಿತ್ತು." ಅತ್ತೆ ತಲೆ ತಗ್ಗಿಸಿದರು. "ನೀನು ಅಷ್ಟು ಜೋರಾಗಿ ಉಜ್ತಿದ್ದೆ. ನಿನ್ನ ಕೈಲಾದ್ರೂ ಹೋಗುತ್ತೇನೋ ಅಂತ ಕೂತಿದ್ದೆ."

ಸೊಸೆ ಅಲ್ಲೇ ನೆಲದ ಮೇಲೆ ಕುಸಿದು ಅತ್ತಳು. ಅಳುವವರ ಮುಖ ನೋಡಲಾರೆ ಅಂದವರ ಎದುರಿಗೇ, ಮುಖ ಮುಚ್ಚಿಕೊಳ್ಳದೆ, ಬಿಕ್ಕಿ ಬಿಕ್ಕಿ ಅತ್ತಳು. ಬಾಗಿಲಲ್ಲಿ ಮಾವ ನಿಂತಿದ್ದರು.

"ಮಾವ, ನಿಮಗೆ ಗೊತ್ತಿತ್ತು ಅಲ್ವಾ?"

"ಕಾಲು ಒತ್ತೋನು ನಾನು ತಾನೇ ಮಗಳೇ" ಅಂದರು ಮಾವ. "ಯಾರಿಗೂ ಹೇಳಬೇಡಿ ಅಂತ ಆಣೆ ಹಾಕಿಸ್ಕೊಂಡ್ಲು. ಕೀ ಪೇಚಾಟ ಬಂದಾಗ ನನಗೆ ಬೇರೇನೂ ತೋಚಲಿಲ್ಲ."

ಕಣ್ಣೊರೆಸಿಕೊಂಡು ಸೊಸೆ ಎದ್ದಳು. "ಏಳಿ ಅತ್ತೆ, ಆಸ್ಪತ್ರೆಗೆ."

"ಬರಲ್ಲ ಅಂದೆನಲ್ಲ!"

"ಔಷಧಿ ಬೇಡ ಅಂದ್ರೆ ಬೇಡ. ಕೈ ತೋರಿಸೋಕೆ ಬನ್ನಿ. ಸುಟ್ಟವಳು ನಾನು, ಮುಲಾಮು ಕೊಡಿಸೋದು ನನ್ನ ಕೆಲಸ. ಇದಕ್ಕೂ ಇಲ್ಲ ಅಂದ್ರೆ ನಾನು ಇನ್ನು ಆ ಶೆಡ್ಡಿಗೆ ಕಾಲಿಡಲ್ಲ. ಕೆಂಪು ಕೋಟು ಹಂಡೆಯಲ್ಲೇ ಕೊಳೀಲಿ."

ಕೊಳೆಯುವ ಕೋಟಿನ ಮಾತು ಅತ್ತೆಗೆ ತಡೆಯಲಾಗಲಿಲ್ಲ. ಶಾಲು ಹೊದ್ದು ಎದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಕೈ ನೋಡಿದರು, ಕಾಲು ನೋಡಿದರು, ನಾಲಿಗೆ ಚಾಚಿಸಿದರು. ಆಮೇಲೆ ಅಂದರು, "ಕಪ್ಪಾಗಿರೋದು ಔಷಧಿಯಿಂದ. ಕೆಲವರಿಗೆ ಹೀಗಾಗುತ್ತೆ, ಚರ್ಮ, ಉಗುರು, ನರದ ಮೇಲೆ. ರೋಗ ಹರಡಿದ್ದಲ್ಲ ಇದು. ಔಷಧಿ ಮುಗಿದ ಮೇಲೆ ತಿಂಗಳುಗಟ್ಟಲೆ ಹಿಡಿದರೂ ನಿಧಾನಕ್ಕೆ ತಿಳಿಯಾಗುತ್ತೆ. ಬಿಸಿಲಿಗೆ ಮಾತ್ರ ಒಡ್ಡಬೇಡಿ. ಆದ್ರೆ ಈ ಗಾಯ ಏನು?"

"ನಾನು ಮಾಡಿದ್ದು ಡಾಕ್ಟ್ರೇ. ಬ್ಲೀಚಿಂಗ್ ಪುಡಿ" ಅಂದಳು ಸೊಸೆ. ಪಕ್ಕದಲ್ಲಿದ್ದ ನರ್ಸಮ್ಮ "ಅಯ್ಯೋ ದೇವರೇ!" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಸೊಸೆಗೆ ಸರಿಯಾಗಿ ಬೈದರು, ಬೈಸಿಕೊಂಡು ಅವಳಿಗೆ ಸ್ವಲ್ಪ ಹಗುರಾಯಿತು. ಗಾಯ ಒಣಗಲಿ, ಔಷಧಿ ಒಂದು ವಾರ ಮುಂದೆ ಹೋಗಲಿ, ಹೊಸದೇನು ಕಂಡರೂ ಅವತ್ತೇ ತಿಳಿಸಿ ಅಂದರು ಡಾಕ್ಟರು.

ಮನೆಯಲ್ಲಿ ಹಬ್ಬ ಬಂದಷ್ಟು ಸಂತೋಷ. ಮಗ ಅಂಗಡಿಯ ಬಟ್ಟೆ ರಾಶಿಗೆ ಮುಖ ಒತ್ತಿಕೊಂಡು ಅತ್ತು, ಆಮೇಲೆ ಹೋಗಿ ಒಂದು ಬುಟ್ಟಿ ಹಣ್ಣು ತಂದ. ನಂಬದೆ ಇದ್ದವರು ಅತ್ತೆ ಒಬ್ಬರೇ.

"ಡಾಕ್ಟ್ರು ಸಮಾಧಾನಕ್ಕೆ ಹಾಗೆ ಹೇಳ್ತಾರೆ" ಅಂದರು. "ನಾನು ಎಷ್ಟು ಜನಕ್ಕೆ ಹೇಳಿಲ್ಲ, ಈ ಹಳೇ ಕೋಟು ಹೊಸದರ ಹಾಗೇ ಆಗುತ್ತೆ, ಚಿಂತೆ ಮಾಡಬೇಡಿ ಅಂತ? ಬಣ್ಣ ಒಳಗಿಂದ ಹತ್ತಿದ್ರೆ ಹೋಗಲ್ಲ. ಅಷ್ಟು ಗೊತ್ತಿಲ್ವಾ ನನಗೆ?"

"ಅಜ್ಜಿ, ನೀನು ಬಟ್ಟೆ ಅಲ್ಲ" ಅಂದಳು ಚೂಟಿ.

"ಸುಮ್ನಿರೇ, ದೊಡ್ಡ ಡಾಕ್ಟ್ರು ನೀನು."

ಔಷಧಿಗೆ ಕೂರುತ್ತಾರೋ ಇಲ್ಲವೋ, ವಾರವಿಡೀ ಅದೊಂದೇ ಚಿಂತೆ. ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಮಗ ಮೊಟ್ಟೆ ಬೇಯಿಸಿ ಸುಲಿದು ಕೊಟ್ಟ, ಚೂಟಿ ತುತ್ತು ಮಾಡಿ ತಿನ್ನಿಸಿದಳು, ಮಾವ ದಿನಕ್ಕೆ ಮೂರು ಹೊತ್ತು ಕೈಗೆ ಮುಲಾಮು ಸವರಿದರು. ಸೊಸೆ ಗಂಜಿ ಕಾಯಿಸಿದಳು, ಹಾಸಿಗೆ ಬದಲಿಸಿದಳು, ತಲೆ ಬಾಚಿದಳು. ಬಾಚಲು ಉಳಿದಿದ್ದ ಕೂದಲು ನಾಲ್ಕೇ ನಾಲ್ಕಾದರೂ ಬಾಚಿದಳು. ಆ ಕೈಗಳನ್ನು ಮಾತ್ರ ಮುಟ್ಟಲಿಲ್ಲ. ಮುಲಾಮಿನ ಡಬ್ಬಿ ಅವಳ ಹತ್ತಿರವೇ ಇದ್ದರೂ "ಮಾವ, ನೀವು ಹಚ್ಚಿ" ಅಂತ ಆಚೆ ಹೋಗಿಬಿಡುತ್ತಿದ್ದಳು. ಅತ್ತೆ ಅದನ್ನು ನೋಡುತ್ತಿದ್ದರು.

ಔಷಧಿಯ ದಿನ ಬೆಳಿಗ್ಗೆ ಅತ್ತೆ ತಾವಾಗಿಯೇ ಚಪ್ಪಲಿ ಮೆಟ್ಟಿ ಕೂತಿದ್ದರು. "ಬರ್ತೀನಿ. ಹಾಕಿಸ್ಕೊಳ್ಳೋದು ಬಿಡೋದು ಅಲ್ಲಿ ನೋಡೋಣ. ಯಾರೂ ಗಲಾಟೆ ಮಾಡಬಾರದು." ಮಗನಿಗೆ ಕೋಟುಗಳನ್ನು ಒಪ್ಪಿಸುವ ಕೆಲಸವಿತ್ತು. ಅತ್ತೆಯ ಜೊತೆ ಸೊಸೆ ಹೊರಟಳು.

ಕಾಯುವ ಬೆಂಚಿನಲ್ಲಿ ಅವರ ಪಕ್ಕ ಒಬ್ಬ ದಪ್ಪನೆಯ ಮನುಷ್ಯ ಕೂತಿದ್ದ. ಬೇಕರಿಯವನಂತೆ. ಔಷಧಿಯೆಲ್ಲಾ ಮುಗಿಸಿ, ಈಗ ಸುಮ್ಮನೆ ತೋರಿಸಿಕೊಂಡು ಹೋಗಲು ಬಂದಿದ್ದ. ಮಾತಿನ ಮಲ್ಲ. ಅತ್ತೆಯ ಕೈ ಶಾಲಿನಿಂದ ಇಣುಕಿದ್ದು ನೋಡಿ, "ಓಹೋ, ನಿಮಗೂ ಬಂತಾ? ನನ್ನ ಕೈ ನೋಡಿ ಗಿರಾಕಿಗಳು ಬ್ರೆಡ್ಡು ಸುಟ್ಟಿದೆಯಾ ಅಂತ ಕೇಳ್ತಿದ್ರು" ಅಂದ.

"ಕೊಡಿ ಇಲ್ಲಿ" ಅಂದರು ಅತ್ತೆ.

"ಏನು?"

"ಕೈ ಕೊಡಿ ಇಲ್ಲಿ."

ಗುರುತಿಲ್ಲ ಪರಿಚಯವಿಲ್ಲ, ಆ ಮನುಷ್ಯನ ಕೈ ಹಿಡಿದು ಅತ್ತೆ ಅವನನ್ನು ಕಿಟಕಿಯ ಹತ್ತಿರ ಎಳೆದುಕೊಂಡೇ ಹೋದರು. ಸೊಸೆ ನಾಚಿಕೊಂಡು ಹಿಂದೆ ಓಡಿದಳು. ಅತ್ತೆ ಬಟ್ಟೆಯ ತುಂಡನ್ನು ಬೆಳಕಿಗೆ ಹಿಡಿದು ನೋಡುವ ಹಾಗೇ ನೋಡಿದರು. ಒಂದೊಂದೇ ಬೆರಳು ತಿರುವಿದರು, ಗೆಣ್ಣಿನ ಸಂದು ಬಿಡಿಸಿ ನೋಡಿದರು, ಉಗುರಿನ ಮೇಲೆ ತಮ್ಮ ಬೆರಳಾಡಿಸಿದರು. ಉಗುರಿನ ತುದಿ ಇನ್ನೂ ಕಂದು ಬಣ್ಣಕ್ಕಿತ್ತು. ಬುಡದಿಂದ ಅರ್ಧದಷ್ಟು ಹೊಸ ಉಗುರು ಬಂದಿತ್ತು, ಶುಭ್ರವಾಗಿ, ತಿಳಿ ಗುಲಾಬಿ ಬಣ್ಣದಲ್ಲಿ.

"ಬುಡದಿಂದ ಬಿಡ್ತಾ ಇದೆ" ಅಂದರು ಅತ್ತೆ ತಮ್ಮಷ್ಟಕ್ಕೆ. "ನಾಲಿಗೆ?"

ಪಾಪ, ಆತ ನಾಲಿಗೆಯನ್ನೂ ಚಾಚಿದ. ಅತ್ತೆ ಬಗ್ಗಿ ನೋಡಿದರು.

"ಔಷಧಿ ಮುಗಿದು ಎಷ್ಟು ದಿನ ಆಯ್ತಪ್ಪ?"

"ಚಳಿ ಶುರುವಾಗೋ ಮುಂಚೆ ಮುಗೀತು ಅಮ್ಮ. ಈಗ ಸೆಖೆ ಬಂತಲ್ಲ. ದಿನಾ ನೋಡಿದ್ರೆ ಗೊತ್ತಾಗಲ್ಲ. ಒಂದು ದಿನ ನೋಡ್ತೀರ, ಹೋಗಿರುತ್ತೆ."

ಅತ್ತೆ ಅವನ ಕೈಯನ್ನು ಜೋಪಾನವಾಗಿ ಅವನಿಗೇ ಹಿಂದಿರುಗಿಸಿದರು. ಬೆಂಚಿಗೆ ಬಂದು ಕೂತರು. ತುಂಬಾ ಹೊತ್ತು ತಮ್ಮ ಉಗುರುಗಳನ್ನೇ ನೋಡಿಕೊಂಡರು. ಏನಾದರೂ ಅಂದರೆ ಎಲ್ಲಿ ಕೆಡುತ್ತದೋ ಅನ್ನುವ ಭಯ ಸೊಸೆಗೆ.

ಒಳಗಿಂದ ನರ್ಸಮ್ಮ ಕರೆದರು. "ಅಮ್ಮಾ, ಬರ್ತೀರಾ? ಏನು ತೀರ್ಮಾನ ಮಾಡಿದ್ರಿ?"

"ತೀರ್ಮಾನ ಏನು ಬಂತು?" ಅತ್ತೆ ಎದ್ದರು. "ಔಷಧಿ ಹಾಕಿಸ್ಕೊಳ್ಳದೆ ಇಷ್ಟು ದೂರ ಯಾರಾದ್ರೂ ಬರ್ತಾರಾ?"

ಸೊಸೆಗೆ ನಗು ಬಂತು, ಅಳುವೂ ಬಂತು, ಎರಡನ್ನೂ ನುಂಗಿಕೊಂಡು ಹಿಂದೆ ನಡೆದಳು.

ಅತ್ತೆ ಉದ್ದ ಕುರ್ಚಿಯಲ್ಲಿ ಕಾಲು ಚಾಚಿ ಬಲತೋಳು ಮುಂದಕ್ಕಿಟ್ಟರು. ನರ್ಸಮ್ಮ ಸೂಜಿ ತೆಗೆದರು, ಕಪ್ಪಾದ ತೋಳಿನಲ್ಲಿ ನರ ಹುಡುಕತೊಡಗಿದರು. ಒಂದು ಸಲ ಚುಚ್ಚಿದರು, ಸಿಗಲಿಲ್ಲ. ಅತ್ತೆ ಹಲ್ಲು ಕಚ್ಚಿ ಎಡಗೈಯನ್ನು ಸೊಸೆಯ ಕಡೆ ಚಾಚಿದರು.

ಸೊಸೆ ಆ ಕೈಯನ್ನು ನೋಡಿದಳು. ಹೊಸ ಚರ್ಮ ಈಗಷ್ಟೇ ಕೂಡಿಕೊಳ್ಳುತ್ತಿತ್ತು. ತನ್ನ ಕೈಯನ್ನು ಹಿಂದಕ್ಕೆ ಸರಿಸಿಕೊಂಡಳು.

"ಬೇಡ ಅತ್ತೆ. ಗಾಯ ಇನ್ನೂ ಹಸಿ ಇದೆ."

"ಹಿಡ್ಕೊಳ್ಳೇ."

"ನೋವಾಗುತ್ತೆ ನಿಮಗೆ."

"ಹಿಡ್ಕೊ, ಗಟ್ಟಿಯಾಗಿ ಹಿಡ್ಕೊ" ಅಂದರು ಅತ್ತೆ. "ನೋವಾದ್ರೆ ಹೇಳ್ತೀನಿ. ಈ ಸಲ ಹೇಳ್ತೀನಿ."